ದೇವರ ನಂಬಿಕೆ, ನಾಲ್ಕು ಜನರ ಒಡನಾಟ, ನಮ್ಮ ಆಯುಷ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡ ಜಿಲ್ಲೆಯ ಕುಮಟಾ, ಅಂಕೋಲಾ ಕಡೆಯ ಹಳ್ಳಿಗಳಲ್ಲಿ, ಆಮೇಲೆ ಘಟ್ಟ ಹತ್ತಿ ಸಿದ್ದಾಪುರ, ಶಿರಸಿ ಸೀಮೆಯಲ್ಲಿ ಆರೋಗ್ಯ ಸಹಾಯಕಿಯಾಗಿ ಮೂವತ್ತಮೂರು ವರ್ಷ ಮನೆ ಮನೆ ತಿರುಗಿದ್ದೇನೆ. ನಿವೃತ್ತಿಯಾದ ಮೇಲೆ ಶನಿವಾರ ಸಂಜೆ ಊರ ದೇವಸ್ಥಾನದ ಭಜನೆಗೆ ಹೋಗುವಾಗಲೂ ಬಿಪಿ ನೋಡುವ ಯಂತ್ರ ಚೀಲದಲ್ಲೇ ಇರುತ್ತದೆ. ಮಂಗಳಾರತಿ ಮುಗಿದು ಪಂಚಕಜ್ಜಾಯ ಹಂಚುವ ಹೊತ್ತಿಗೆ ನಾಲ್ಕಾರು ಜನ ತೋಳು ಚಾಚಿ ಕೂರುತ್ತಾರೆ. ತೋಳಿಗೆ ಪಟ್ಟಿ ಸುತ್ತುವಾಗ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅಲ್ಲಿ ಒಂದು ಮಾತಿನಲ್ಲಿ ಹೇಳಿ ಮುಗಿಸಿದ್ದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ದೇವರನ್ನು ನಂಬಿದವರಿಗೆ ಆಯುಷ್ಯ ಹೆಚ್ಚೇ?

ನಂಬಿಕೆಯನ್ನು ಅಳೆಯುವುದು ಕಷ್ಟ. ನಂಬಿದವರು ವಾರಕ್ಕೆ ಎಷ್ಟು ಸಲ ಕೂಡುತ್ತಾರೆ ಎಂಬುದನ್ನು ಎಣಿಸಬಹುದು. ಸಂಶೋಧಕರು ಎಣಿಸಿದ್ದು ಬಹುಪಾಲು ಅದನ್ನೇ. 2000ನೇ ಇಸವಿಯಲ್ಲಿ ಅಂಥ 42 ಲೆಕ್ಕಗಳನ್ನು, ಒಟ್ಟು ಸುಮಾರು 1,26,000 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಧಾರ್ಮಿಕ ಚಟುವಟಿಕೆಗಳಲ್ಲಿ ತೊಡಗಿದವರು ಆ ಅವಧಿಯ ಕೊನೆಗೆ ಬದುಕಿರುವ ಸಂಭವ ಉಳಿದವರಿಗಿಂತ ಹೆಚ್ಚಿತ್ತು. 1999ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನ ಸುಮಾರು 21,000 ಜನರದ್ದು. ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಪ್ರಾರ್ಥನೆಗೆ ಹೋಗುವವರು, ಎಂದೂ ಹೋಗದವರಿಗಿಂತ ಸರಾಸರಿ ಏಳು ವರ್ಷ ಹೆಚ್ಚು ಬದುಕುತ್ತಾರೆ ಎಂದು ಅದರಲ್ಲಿ ಕಂಡುಬಂತು. ಅಲ್ಲಿನ ಕಪ್ಪು ಜನರಲ್ಲಿ ಈ ವ್ಯತ್ಯಾಸ ಇದರ ಸುಮಾರು ಎರಡು ಪಟ್ಟು.

ಹಾಗಾಗಿ ಉತ್ತರ ಹೌದು. ಆದರೆ ಆ ಹೌದು ಯಾವುದಕ್ಕೆ ಎಂಬುದನ್ನು ಸರಿಯಾಗಿ ನೋಡಬೇಕು.

ಏಳು ವರ್ಷವೇ? ಆರೋಗ್ಯ ಇದ್ದವರೇ ದೇವಸ್ಥಾನಕ್ಕೆ ಬರುತ್ತಾರಲ್ಲವೇ?

ಈ ಪ್ರಶ್ನೆ ಕೇಳಿದವರು ನಿವೃತ್ತ ಮಾಸ್ತರರು. ಸರಿಯಾದ ಪ್ರಶ್ನೆ. ಮಂಡಿ ನೋವಿನಿಂದ ಮೆಟ್ಟಿಲು ಹತ್ತಲಾಗದವರು, ಉಸಿರು ಕಟ್ಟುವವರು, ಹಾಸಿಗೆ ಹಿಡಿದವರು ಭಜನೆಗೆ ಬರುವುದಿಲ್ಲ. ಬಂದವರನ್ನಷ್ಟೇ ಎಣಿಸಿದರೆ ಗಟ್ಟಿಮುಟ್ಟಾದವರನ್ನೇ ಎಣಿಸಿದಂತೆ. ಏಳು ವರ್ಷದಲ್ಲಿ ಒಂದು ಪಾಲು ಹೀಗೆ ಬಂದದ್ದೇ.

ಇದನ್ನು ಜರಡಿ ಹಿಡಿಯಲು ಅಮೆರಿಕದ ನರ್ಸುಗಳ ದೊಡ್ಡ ಅಧ್ಯಯನವೊಂದು ನೆರವಾಯಿತು. 74,534 ಹೆಂಗಸರನ್ನು 1996ರಿಂದ 2012ರವರೆಗೆ ಹಿಂಬಾಲಿಸಿದರು. ಅವರ ಆರೋಗ್ಯ, ಸಿಗರೇಟು, ಊಟ, ವ್ಯಾಯಾಮ, ಮನಸ್ಸಿನ ಸ್ಥಿತಿ ಎಲ್ಲವನ್ನೂ ಮೊದಲೇ ಬರೆದಿಟ್ಟುಕೊಂಡಿದ್ದರು. ಮೊದಲಿನಿಂದ ಕಾಯಿಲೆ ಇದ್ದದ್ದನ್ನು ಲೆಕ್ಕದಲ್ಲಿ ಕಳೆದ ಮೇಲೂ, ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಚರ್ಚಿಗೆ ಹೋಗುತ್ತಿದ್ದವರಲ್ಲಿ ಸಾವಿನ ಪ್ರಮಾಣ ಎಂದೂ ಹೋಗದವರಿಗಿಂತ ಶೇಕಡಾ 33 ಕಡಿಮೆ ಇತ್ತು. ವಾರಕ್ಕೊಮ್ಮೆ ಹೋಗುವವರಲ್ಲಿ ಶೇಕಡಾ 26 ಕಡಿಮೆ.

ಯಾಕೆ ಎಂದೂ ಅವರು ಹುಡುಕಿದರು. ಈ ಲಾಭದ ಹೆಚ್ಚುಕಡಿಮೆ ಕಾಲು ಭಾಗ ನೆರವಿಗೆ ಬರುವ ಜನರಿಂದ, ಅಷ್ಟೇ ಪಾಲು ಸಿಗರೇಟು ಸೇದದಿರುವುದರಿಂದ, ಮತ್ತೊಂದಿಷ್ಟು ಖಿನ್ನತೆ ಕಡಿಮೆಯಾಗುವುದರಿಂದ ಎಂದು ಕಂಡಿತು. ಆ ನರ್ಸುಗಳಲ್ಲಿ ಬಹುತೇಕರು ಬಿಳಿಯ ಕ್ರೈಸ್ತ ಹೆಂಗಸರು, ಓದಿದವರು, ಸಂಬಳದವರು. ಆ ಶೇಕಡಾ 33ನ್ನು ಹಾಗೆಯೇ ತಂದು ಹೊನ್ನಾವರದ ಮೀನು ಮಾರುವ ಹೆಂಗಸಿಗೆ ಅಂಟಿಸಲು ಬರುವುದಿಲ್ಲ. ಕಾರಣಗಳು ಮಾತ್ರ ನಮ್ಮಲ್ಲೂ ಅವೇ.

ಮನೆಯಲ್ಲೇ ದಿನಾ ಪೂಜೆ ಮಾಡುತ್ತೇನೆ. ಸಾಲದೇ?

ಪೂಜೆಗೆ ಸಾಕು. ಆದರೆ ಆಯುಷ್ಯದ ಲೆಕ್ಕದಲ್ಲಿ ಒಬ್ಬರೇ ಕೂತು ಮಾಡುವ ಪ್ರಾರ್ಥನೆಗಿಂತ ಹತ್ತು ಜನರ ಜೊತೆ ಸೇರುವುದರ ಗುರುತು ಹೆಚ್ಚು ಸ್ಪಷ್ಟವಾಗಿ ಕಂಡಿದೆ. ದೇವರ ಕೋಣೆಯಲ್ಲಿ ನೀವು ಬಿದ್ದರೆ ಎತ್ತುವವರು ಯಾರು ಎಂದು ಯೋಚಿಸಿ.

ಒಡನಾಟದಿಂದ ದೇಹಕ್ಕೆ ಏನಾಗುತ್ತದೆ? ಮಾತಾಡಿದರೆ ಬಿಪಿ ಇಳಿಯುತ್ತದೆಯೇ?

ಇದರ ಬಗ್ಗೆ ನನಗೆ ಹೇಳುವುದು ಬಹಳ ಇದೆ.

ಕ್ಯಾಲಿಫೋರ್ನಿಯಾದ ಅಲಮೇಡಾ ಎಂಬ ಜಿಲ್ಲೆಯಲ್ಲಿ 6,928 ಜನರನ್ನು ಒಂಬತ್ತು ವರ್ಷ ಹಿಂಬಾಲಿಸಿ, 1979ರಲ್ಲಿ ಫಲಿತಾಂಶ ಪ್ರಕಟಿಸಿದರು. ಮದುವೆ, ನೆಂಟರು, ಗೆಳೆಯರು, ಚರ್ಚು, ಸಂಘ ಹೀಗೆ ಯಾವ ನಂಟು ಎಷ್ಟಿದೆ ಎಂದು ಕೇಳಿದ್ದರು. ನಂಟು ತೀರಾ ಕಡಿಮೆ ಇದ್ದವರು, ಬಹಳ ಇದ್ದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಪ್ರಮಾಣದಲ್ಲಿ ಸತ್ತಿದ್ದರು. 2010ರಲ್ಲಿ ಇಂಥ 148 ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ನೋಡಿದರು. ಗಟ್ಟಿ ನಂಟಿದ್ದವರು ಬದುಕುಳಿಯುವ ಸಂಭವ ಒಂದೂವರೆ ಪಟ್ಟು. ಒಂಟಿತನಕ್ಕೆ ವರ್ಷಕ್ಕೆ ಎಂಟೂಮುಕ್ಕಾಲು ಲಕ್ಷದಷ್ಟು ಸಾವುಗಳ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿದೆ.

ಈಗ ನಮ್ಮ ಕಡೆ ಬನ್ನಿ. ಸಿದ್ದಾಪುರ, ಶಿರಸಿ, ಯಲ್ಲಾಪುರದ ಹಳ್ಳಿಗಳೆಂದರೆ ಸಾಲು ಮನೆಯ ಕೇರಿಗಳಲ್ಲ. ಒಂದು ಮನೆ, ಅದರ ಕೆಳಗೆ ತೋಟ, ಗುಡ್ಡ ದಾಟಿದರೆ ಇನ್ನೊಂದು ಮನೆ. ಮಕ್ಕಳು ಬೆಂಗಳೂರಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆ, ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ಅಂಥ ಮನೆಗಳಲ್ಲಿ ನಾನು ಕಂಡದ್ದನ್ನು ಯಾವ ರಿಜಿಸ್ಟರಿನಲ್ಲೂ ಬರೆಯಲು ಜಾಗ ಇರಲಿಲ್ಲ. ಒಬ್ಬರಿಗಾಗಿ ಒಲೆ ಹಚ್ಚುವುದೇಕೆಂದು ರಾತ್ರಿ ಮಜ್ಜಿಗೆ ಅವಲಕ್ಕಿ ತಿಂದು ಮಲಗುವ ಅಜ್ಜಿ. ಗುಳಿಗೆ ಮುಗಿದು ಹದಿನೈದು ದಿನವಾದರೂ ಪೇಟೆಗೆ ಹೋಗುವವರಿಲ್ಲದೆ ಸುಮ್ಮನಿದ್ದ ಅಜ್ಜ. ಕಾಲಿನ ಸಣ್ಣ ಗಾಯ ಕಪ್ಪಾಗುವವರೆಗೆ ಯಾರಿಗೂ ತೋರಿಸದವರು. ಕಾಯಿಲೆ ಅವರಿಗೆ ಬೇರೆಯವರಿಗಿಂತ ದೊಡ್ಡದಾಗಿರಲಿಲ್ಲ. ಅದನ್ನು ಬೇಗ ನೋಡುವವರು ಇರಲಿಲ್ಲ.

ಭಜನೆಗೆ ಬರುವವರಲ್ಲಿ ಇದು ಬೇರೆ ರೀತಿ. ಒಂದು ಶನಿವಾರ ಬಾರದಿದ್ದರೆ ಭಾನುವಾರ ಬೆಳಿಗ್ಗೆ ಯಾರಾದರೂ ಅಂಗಳದಲ್ಲಿ ನಿಂತು, “ನಿನ್ನೆ ಎಂತಕ್ಕೆ ಬರ್ಲಿಲ್ಲ?” ಎನ್ನುತ್ತಾರೆ. ಎರಡು ವರ್ಷದ ಹಿಂದೆ ತಾಳ ಹಾಕುವ ನಮ್ಮ ಮಾವನೊಬ್ಬರು ಬರಲಿಲ್ಲ. ನೋಡಲು ಹೋದವರಿಗೆ ಅವರ ಮಾತು ತೊದಲುವುದು, ಬಾಯಿ ಸೊಟ್ಟಗಾಗಿರುವುದು ಕಂಡಿತು. ಜೀಪು ತರಿಸಿ ಕರೆದುಕೊಂಡು ಹೋದರು. ಈಗ ಎಡಗೈಯಲ್ಲಿ ಸ್ವಲ್ಪ ಶಕ್ತಿ ಕಡಿಮೆ, ತಾಳ ಹಾಕುತ್ತಾರೆ.

ಬಿಪಿ ವಿಷಯ: ಮನೆಯಲ್ಲಿ ಒಬ್ಬರೇ ಕೊರಗುತ್ತಿರುವವರ ಮೈ ಸದಾ ಬಿಗಿಯಾಗಿರುತ್ತದೆ, ನಿದ್ದೆ ಹರಿದು ಹೋಗುತ್ತದೆ, ಅದು ವರ್ಷಗಟ್ಟಲೆ ನಡೆದರೆ ಹೃದಯಕ್ಕೆ ಪೆಟ್ಟು. ಆದರೆ ಮಾತಿನಿಂದ ಇಳಿಯಿತೆಂದು ಬಿಪಿ ಗುಳಿಗೆ ನಿಲ್ಲಿಸಬೇಡಿ.

ಹರಕೆ ಹೊತ್ತು ಕುಡಿತ ಬಿಟ್ಟವರಿದ್ದಾರೆ. ಅದು ದೇವರ ಮಹಿಮೆಯೇ?

ಮಹಿಮೆ ಎಂದು ನೀವು ಹೇಳಿದರೆ ನಾನು ಅಲ್ಲವೆನ್ನುವುದಿಲ್ಲ. ಜೊತೆಗೆ ನಡೆಯುವ ಕೆಲಸವನ್ನೂ ನೋಡಿ. ಮಾಲೆ ಹಾಕಿದವನು ಗುಂಪಿನಲ್ಲಿ ಉಣ್ಣುತ್ತಾನೆ, ಗುಂಪಿನಲ್ಲಿ ಮಲಗುತ್ತಾನೆ, ಸಂಜೆ ಏಳಕ್ಕೆ ಅಂಗಡಿಯ ಬದಲು ಭಜನೆಯಲ್ಲಿರುತ್ತಾನೆ. ಊರೆಲ್ಲ ಅವನನ್ನು ಸ್ವಾಮಿ ಎಂದು ಕರೆಯುತ್ತದೆ. ಮಾಲೆ ತೆಗೆದ ಮರುದಿನವೇ ಗುಂಪು ಚದುರುತ್ತದೆ. ಬಹಳ ಜನ ಮತ್ತೆ ಜಾರುವುದು ಆ ವಾರದಲ್ಲೇ. ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಂತು ದೋಣಿ ದಡದಲ್ಲಿದ್ದಾಗ ಕಾರವಾರದಿಂದ ಭಟ್ಕಳದವರೆಗೆ ಕುಡಿತದ ತಂಟೆ ಹೆಚ್ಚುತ್ತದೆ. ಜೊತೆಗೂಡುವ ಕಟ್ಟುಪಾಡು ಬೇಕಾದದ್ದು ಆಗ.

ಅಂಕೋಲಾ ಬಡಗೇರಿಯ ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರನ್ನು ಇಲ್ಲಿ ನೆನೆಯದೆ ಇರಲಾರೆ. ಕುಡಿತದಿಂದ ಮಗನನ್ನು ಕಳೆದುಕೊಂಡ ಅವರು ಊರ ಹೆಂಗಸರನ್ನು ಕೂಡಿಸಿ ಸಾರಾಯಿ ವಿರುದ್ಧ ನಿಂತರು. 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡರು. ಸುಗ್ಗಿಗೆ ಕೂಡಿ ಹಾಡಿ ಅಭ್ಯಾಸವಿದ್ದ ಹೆಂಗಸರಿಗೆ ಕೂಡಿ ನಿಲ್ಲುವುದು ಹೊಸದಾಗಿರಲಿಲ್ಲ ಎಂದು ನನಗೆ ಅನಿಸುತ್ತದೆ.

ಸಸ್ಯಾಹಾರಿಗಳಿಗೇ ಆಯುಷ್ಯ ಹೆಚ್ಚಂತೆ. ಕರಾವಳಿಯವರು ಮೀನು ಬಿಡಬೇಕೇ?

ಬಿಡಬೇಕಾಗಿಲ್ಲ. ಈ ಮಾತು ಬಂದದ್ದು ಅಮೆರಿಕದ ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದಿಂದ. ಅವರು ಸಿಗರೇಟು, ಹೆಂಡ ಮುಟ್ಟುವುದಿಲ್ಲ, ಅನೇಕರು ಮಾಂಸ ತಿನ್ನುವುದಿಲ್ಲ, ಶನಿವಾರ ಕೆಲಸ ಬಿಟ್ಟು ಒಟ್ಟಿಗೆ ಸೇರುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಅವರ ಗಂಡಸರು ಉಳಿದವರಿಗಿಂತ ಸುಮಾರು ಏಳು ವರ್ಷ, ಹೆಂಗಸರು ನಾಲ್ಕೂವರೆ ವರ್ಷ ಹೆಚ್ಚು ಬದುಕಿದರು. 2013ರಲ್ಲಿ ಅದೇ ಪಂಥದ 73,308 ಜನರ ಊಟವನ್ನು ಹೋಲಿಸಿ ನೋಡಿದಾಗ ಸಾವಿನ ಪ್ರಮಾಣ ಅತಿ ಕಡಿಮೆ ಇದ್ದ ಗುಂಪುಗಳಲ್ಲಿ, ಮಾಂಸ ಬಿಟ್ಟು ಮೀನು ತಿನ್ನುವವರ ಗುಂಪೂ ಇತ್ತು. ಬಂಗಡೆ, ತಾರ್ಲೆ ತಿನ್ನಿ. ಉಪ್ಪು ಮೀನು ಕಡಿಮೆ ಮಾಡಿ.

ಜಪ, ಭಜನೆಗೆ ದೇಹದ ಮೇಲೆ ನೇರವಾಗಿ ಪರಿಣಾಮವಿದೆಯೇ?

ಇದೆ. ಇಟಲಿಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನವೊಂದು ನನಗೆ ತುಂಬ ಇಷ್ಟ. 23 ಆರೋಗ್ಯವಂತರಿಗೆ ಒಮ್ಮೆ ಲ್ಯಾಟಿನ್ ಭಾಷೆಯ ಜಪಮಾಲೆ ಪ್ರಾರ್ಥನೆ, ಇನ್ನೊಮ್ಮೆ “ಓಂ ಮಣಿ ಪದ್ಮೇ ಹುಂ” ಹೇಳಿಸಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಆರರ ಆಸುಪಾಸಿಗೆ ಇಳಿಯಿತು. ರಕ್ತದೊತ್ತಡ ಏರಿದಾಗ, ಇಳಿದಾಗ ಹೃದಯ ಅದಕ್ಕೆ ಹೊಂದಿಕೊಳ್ಳುವ ಗುಣ ಹೆಚ್ಚಿತು. ಕಾರವಾರದ ಚರ್ಚಿನಲ್ಲಿ ಜಪಮಾಲೆ ತಿರುಗಿಸುವ ಅಜ್ಜಿಗೂ ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಲ್ಲಿ ಮಣಿ ಎಣಿಸುವ ಅಜ್ಜನಿಗೂ ಎದೆಯೊಳಗೆ ಆಗುವುದು ಒಂದೇ ಎಂಬುದು ನನಗೆ ದೊಡ್ಡ ಮಾತಾಗಿ ಕಂಡಿದೆ. ಭಜನೆಯಲ್ಲೂ ಪಲ್ಲವಿ ಎಳೆದು ಹಾಡುವಾಗ ಉಸಿರು ಉದ್ದವಾಗುತ್ತದೆ, ಗಮನಿಸಿ.

ಬೇರೆಯವರು ನಮಗಾಗಿ ಪೂಜೆ ಮಾಡಿಸಿದರೆ ಆಪರೇಶನ್ ಚೆನ್ನಾಗಿ ಆಗುತ್ತದೆಯೇ?

ಇದನ್ನೂ ಪರೀಕ್ಷಿಸಿದ್ದಾರೆ. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಬೈಪಾಸ್ ಮಾಡಿಸಿಕೊಂಡ 1,802 ಜನರ ಅಧ್ಯಯನ 2006ರಲ್ಲಿ ಬಂತು. ಗುರುತಿಲ್ಲದವರು ದೂರದಿಂದ ಪ್ರಾರ್ಥಿಸಿದ್ದರಿಂದ ತೊಂದರೆಗಳು ಕಡಿಮೆಯಾಗಲಿಲ್ಲ. ‘ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಿದ್ದಾರೆ’ ಎಂದು ಗೊತ್ತಿದ್ದವರಲ್ಲಿ ಶೇಕಡಾ 59 ಜನರಿಗೆ ತೊಂದರೆ ಆಯಿತು, ಪ್ರಾರ್ಥನೆ ಇದೆಯೋ ಇಲ್ಲವೋ ಎಂದು ಗೊತ್ತಿಲ್ಲದ ಉಳಿದ ಎರಡು ಗುಂಪುಗಳಲ್ಲಿ ಶೇಕಡಾ 51, 52. ನನ್ನ ಸ್ಥಿತಿ ಅಷ್ಟು ಕೆಟ್ಟಿದೆಯೇ ಎಂಬ ಅಂಜಿಕೆ ಕಾರಣವಿರಬಹುದು ಎಂಬ ಊಹೆಯೂ ಇದೆ.

ದೇವರನ್ನು ಹೀಗೆ ಪರೀಕ್ಷೆಗೆ ಕೂರಿಸುವುದೇ ಸರಿಯಲ್ಲ ಎನ್ನುವವರ ಮಾತನ್ನೂ ನಾನು ಗೌರವಿಸುತ್ತೇನೆ. ನನಗೆ ಬೇಕಾದದ್ದು ಇಷ್ಟು: ಇಡಗುಂಜಿಯಲ್ಲಿ ಪೂಜೆ ಮಾಡಿಸಿ, ಜೊತೆಗೆ ಆಸ್ಪತ್ರೆಯಲ್ಲಿ ರಾತ್ರಿ ಪಕ್ಕದಲ್ಲಿ ಕೂರುವವರ ಸರದಿಯನ್ನೂ ಹಾಕಿಕೊಳ್ಳಿ.

ಹರಕೆ ಹೊತ್ತಿದ್ದೇನೆ. ಗುಳಿಗೆ ನಿಲ್ಲಿಸಬಹುದೇ?

ಬೇಡ. ಶುಗರ್, ಬಿಪಿ, ಫಿಟ್ಸ್, ಟಿಬಿ, ಹೃದಯ, ಮಾನಸಿಕ ಕಾಯಿಲೆ ಇವು ಯಾವುದಕ್ಕೂ ಬೇಡ. ಗುಳಿಗೆ ನುಂಗಿದರೆ ಹರಕೆ ಸಲ್ಲುವುದಿಲ್ಲ ಎಂದು ಹೇಳುವವರು ಸಿಕ್ಕರೆ ಅವರನ್ನು ನಂಬಬೇಡಿ.

ದೇವರ ಮುಂದೆ ಪ್ರಸಾದ ಕೇಳಿ, ಅಪ್ಪಣೆಯಾದ ಮೇಲೆ ಆಸ್ಪತ್ರೆಗೆ ಹೋಗುವುದು ನಮ್ಮ ಪದ್ಧತಿ. ತಪ್ಪೇ?

ಮದುವೆ, ಮನೆ, ಬಾವಿಗೆ ಕೇಳಿ. ಎದೆನೋವು, ಲಕ್ವಾ, ಹಾವು ಕಚ್ಚಿದ್ದು, ಬಸುರಿಯ ರಕ್ತಸ್ರಾವ, ಎಳೆ ಕೂಸಿನ ಜ್ವರ, ಇವುಗಳಿಗೆ ಮೊದಲು ಗಾಡಿ ಹತ್ತಿ.

ಕಾರಣ ನಮ್ಮ ದೂರ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ಕಾರವಾರದಿಂದ ಮಂಗಳೂರಿಗೆ 270ರ ಹತ್ತಿರ. ದೊಡ್ಡ ಚಿಕಿತ್ಸೆ ಬೇಕಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಜಿಲ್ಲೆ ದಾಟಬೇಕು. ಒಳ್ಳೆಯ ಆಸ್ಪತ್ರೆಗಾಗಿ ಇಲ್ಲಿನ ಜನ ವರ್ಷಗಳಿಂದ ಕೂಗುತ್ತಿರುವುದು ಇದಕ್ಕೇ. ಲಕ್ವಾ ಹೊಡೆದಾಗ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಲು ಸಿಗುವ ಸಮಯ ನಾಲ್ಕೂವರೆ ತಾಸು. ಅದರಲ್ಲಿ ಘಟ್ಟದ ತಿರುವುಗಳಿಗೇ ಎರಡು ಮೂರು ತಾಸು ಹೋಗುತ್ತದೆ. ಪುರೋಹಿತರು ಸ್ನಾನ ಮಾಡಿ ಬರುವವರೆಗೆ ಕಾಯಲು ಅದರಲ್ಲಿ ಎಡೆ ಇಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹಾವು ಕಚ್ಚಿದ ಹುಡುಗನೊಬ್ಬನನ್ನು ಬೆಳಗಿನ ಜಾವದವರೆಗೆ ಮಂತ್ರ ಹಾಕುವವರ ಮನೆ ಜಗಲಿಯಲ್ಲಿ ಕೂರಿಸಿದ್ದರು. ನನಗೆ ಸುದ್ದಿ ಬಂದು ನಾನು ಓಡುವಷ್ಟರಲ್ಲಿ ಅವನ ಕಣ್ಣುರೆಪ್ಪೆ ಮೇಲೇಳುತ್ತಿರಲಿಲ್ಲ. ಅವನು ಉಳಿಯಲಿಲ್ಲ. ಆ ಮನೆಯವರು ಕೆಟ್ಟವರಲ್ಲ, ಮಗನ ಮೇಲೆ ಪ್ರಾಣವಿಟ್ಟವರು. ಇಂದಿಗೂ ಅವನ ವಯಸ್ಸು ಎಣಿಸುತ್ತೇನೆ, ಈಗ ನಲವತ್ತೆರಡಾಗಿರುತ್ತಿತ್ತು. 108ಕ್ಕೆ ಫೋನ್ ಮಾಡಿ, ಗಾಡಿ ಹೊರಟ ಮೇಲೆ ಒಬ್ಬರು ದೇವಸ್ಥಾನಕ್ಕೆ ಹೋಗಿ ಕಾಯಿ ಒಡೆಯಲಿ. ಎರಡೂ ಆಗುತ್ತದೆ.

ಏಕಾದಶಿ, ರಂಜಾನ್ ಉಪವಾಸ ಆರೋಗ್ಯಕ್ಕೆ ಒಳ್ಳೆಯದೇ?

ಆರೋಗ್ಯವಾಗಿದ್ದವರಿಗೆ ತೊಂದರೆ ಇಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಶುಗರ್ ಇಳಿಸುವ ಕೆಲವು ಗುಳಿಗೆ ನುಂಗುವವರು, ಕಿಡ್ನಿ ತೊಂದರೆಯವರು, ಬಸುರಿಯರು ವೈದ್ಯರನ್ನು ಕೇಳದೆ ಮಾಡಬಾರದು. ಶುಗರ್ ತೀರಾ ಇಳಿದರೆ ಬೆವರು, ನಡುಕ, ಮಂಕು, ಆಮೇಲೆ ಪ್ರಜ್ಞೆ ತಪ್ಪುವುದು. ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ ರಂಜಾನ್ ಉಪವಾಸದಿಂದ ವಿನಾಯಿತಿ ಇದೆ ಎಂಬುದನ್ನು ಭಟ್ಕಳದ ಹಿರಿಯರೇ ನನಗೆ ತಿಳಿಸಿ ಹೇಳಿದ್ದರು. ಏಕಾದಶಿಯಂದು ಅನ್ನ ಬಿಟ್ಟು, ಎಣ್ಣೆಯಲ್ಲಿ ಕರಿದದ್ದನ್ನು ಮೂರು ಸಲ ತಿನ್ನುವುದು ಉಪವಾಸವಾಗುವುದಿಲ್ಲ.

ಸಂತರ್ಪಣೆಯ ಊಟ ಮುಗಿದ ಮೇಲೆ ಎಲೆಯಡಿಕೆಯ ಕವಳ ಬೇಡವೆನ್ನಲಾದೀತೇ?

ಇದನ್ನು ಬರೆಯಲು ನನಗೆ ಕಷ್ಟ. ನಾವೆಲ್ಲ ಅಡಿಕೆಯಿಂದ ಉಂಡವರು. ನನ್ನ ಮಕ್ಕಳ ಓದಿನ ಫೀಯಲ್ಲಿ ಅರ್ಧ ಅಡಿಕೆಯದೇ. ಆದರೆ ಅಡಿಕೆಯೇ, ತಂಬಾಕು ಸೇರಿಸದಿದ್ದರೂ, ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ತಂಬಾಕು ಸೇರಿದರೆ ಅಪಾಯ ಇನ್ನೂ ದೊಡ್ಡದು. ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾದವರನ್ನು ನಾನು ಕಂಡಿದ್ದೇನೆ, ಅವರಲ್ಲಿ ಹೆಚ್ಚಿನವರು ದಿನಕ್ಕೆ ಹತ್ತು ಹದಿನೈದು ಕವಳ ಹಾಕುವವರು. ಭಜನೆ, ತಾಳಮದ್ದಲೆ, ಯಕ್ಷಗಾನದ ಚೌಕಿ ಎಲ್ಲೆಲ್ಲಿ ನಾಲ್ಕು ಜನ ಕೂರುತ್ತಾರೋ ಅಲ್ಲಿ ಕವಳದ ತಟ್ಟೆ ಬರುತ್ತದೆ. ಒಡನಾಟ ಕೊಟ್ಟ ವರ್ಷಗಳನ್ನು ಆ ತಟ್ಟೆ ವಾಪಸು ತೆಗೆದುಕೊಳ್ಳುತ್ತದೆ. ನಮ್ಮ ಮಂಡಳಿಯಲ್ಲಿ ಈಗ ತಟ್ಟೆಯಲ್ಲಿ ತಂಬಾಕು ಇಡುವುದಿಲ್ಲ. ಅಷ್ಟಾದರೂ ಆಗಲು ನಾಲ್ಕು ವರ್ಷ ಬೇಕಾಯಿತು.

ಬಾಯಲ್ಲಿ ಬಿಳಿ ಕಲೆ, ಮೂರು ವಾರಕ್ಕೂ ಮಾಯದ ಹುಣ್ಣು ಇದ್ದರೆ ತೋರಿಸಿ.

ವಾದಿರಾಜರು 120 ವರ್ಷ ಬದುಕಿದ್ದರಲ್ಲ?

ಮಾಧ್ವ ಯತಿಗಳಾದ ವಾದಿರಾಜರ ವೃಂದಾವನವಿರುವ ಸೋಂದೆಗೆ ಹೋಗಿ ಬಂದವರು ಕೇಳುತ್ತಾರೆ. 1480ರಿಂದ 1600ರವರೆಗೆ, 120 ವರ್ಷ ಎಂದು ಪರಂಪರೆ ಹೇಳುತ್ತದೆ. ದಾಖಲೆಯಿಂದ ಖಚಿತವಾದ ಅತಿ ದೀರ್ಘ ಆಯುಷ್ಯ 122 ವರ್ಷ, 1997ರಲ್ಲಿ ತೀರಿಕೊಂಡ ಫ್ರಾನ್ಸಿನ ಜಾನ್ ಕಾಲ್ಮಾ ಎಂಬ ಮಹಿಳೆಯದು. ಗುರುಗಳ ಮೇಲಿನ ಭಕ್ತಿಗೆ ವರ್ಷಗಳ ಲೆಕ್ಕ ಬೇಕಾಗಿಲ್ಲ, ನಮ್ಮ ಬಿಪಿಗೆ ಅವರ ಆಯುಷ್ಯ ಆಧಾರವೂ ಅಲ್ಲ.

ಯಾವ ಧರ್ಮದವರಿಗೆ ಹೆಚ್ಚು ಲಾಭ?

ಯಾವ ಧರ್ಮವೇ ಇರಲಿ, ಲಾಭ ಬಹುಮಟ್ಟಿಗೆ ಕೂಡುವುದರಲ್ಲಿದೆ. ಇಸ್ರೇಲಿನಲ್ಲಿ ಯಹೂದಿಗಳ 11 ಧಾರ್ಮಿಕ ಸಾಮೂಹಿಕ ಹಳ್ಳಿಗಳನ್ನು 11 ಧಾರ್ಮಿಕವಲ್ಲದ ಹಳ್ಳಿಗಳ ಜೊತೆ 1970ರಿಂದ 1985ರವರೆಗೆ ಹೋಲಿಸಿದರು. ಧಾರ್ಮಿಕ ಹಳ್ಳಿಗಳಲ್ಲಿ ಸಾವಿನ ಪ್ರಮಾಣ ಹೆಚ್ಚುಕಡಿಮೆ ಅರ್ಧ. ಎರಡೂ ಕಡೆ ಒಟ್ಟಿಗೆ ಬದುಕುವವರೇ ಆದ್ದರಿಂದ, ಬರೀ ಒಡನಾಟವಲ್ಲದೆ ನಂಬಿಕೆಗೂ ಏನೋ ಒಂದು ಪಾಲಿದೆ ಎಂಬುದಕ್ಕೆ ನನಗೆ ಸಿಕ್ಕ ಗಟ್ಟಿ ಸಾಕ್ಷಿ ಇದು. ನಮ್ಮ ಜಿಲ್ಲೆಯಲ್ಲಿ ಮಾರಿಕಾಂಬೆಯ ಜಾತ್ರೆಗೆ, ಚಂದಾವರದ ಚರ್ಚಿನ ಹಬ್ಬಕ್ಕೆ, ಸದಾಶಿವಗಡದ ದರ್ಗಾಕ್ಕೆ ಎಲ್ಲರೂ ಹೋಗುತ್ತಾರೆ.

ಜಾತ್ರೆಯ ಗದ್ದಲಕ್ಕೆ ಮುದುಕರು ಹೋಗಬಹುದೇ?

ಹೋಗಿ, ರಥಬೀದಿಯ ನೂಕುನುಗ್ಗಲಿನ ಹೊತ್ತು ಬಿಟ್ಟು ಹೋಗಿ. ನೀರಿನ ಬಾಟಲಿ, ಗುಳಿಗೆಯ ಚೀಟಿ ಜೊತೆಗಿರಲಿ. ಜ್ವರ, ಕೆಮ್ಮು ಇದ್ದರೆ ಮನೆಯಲ್ಲಿರಿ. ಕಾರವಾರದ ಕೂರ್ಮಗಡ ದ್ವೀಪಕ್ಕೆ ದೋಣಿ ಹತ್ತುವವರು ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ, ಜನ ತುಂಬಿದ್ದರೆ ಮುಂದಿನ ದೋಣಿಗೆ ಕಾಯಿರಿ. 2019ರ ಜನವರಿ 21ರಂದು ಅಲ್ಲಿನ ನರಸಿಂಹ ದೇವರ ಜಾತ್ರೆ ಮುಗಿಸಿ ಬರುವಾಗ ದೋಣಿ ಮಗುಚಿ 16 ಜನ ತೀರಿಕೊಂಡರು. ಮಕ್ಕಳೂ ಇದ್ದರು.

ನನ್ನ ಕಾಯಿಲೆ ದೇವರು ಕೊಟ್ಟ ಶಿಕ್ಷೆ ಅನಿಸುತ್ತದೆ.

ಈ ಮಾತನ್ನು ಜನ ಮೆಲ್ಲಗೆ, ಕೊನೆಯಲ್ಲಿ ಹೇಳುತ್ತಾರೆ. 55 ದಾಟಿದ 596 ರೋಗಿಗಳ ಅಧ್ಯಯನವೊಂದು 2001ರಲ್ಲಿ ಬಂತು. ದೇವರು ಕೈಬಿಟ್ಟ, ಶಿಕ್ಷಿಸಿದ ಎಂದು ನಂಬಿದವರು ಮುಂದಿನ ಎರಡು ವರ್ಷದಲ್ಲಿ ಸಾಯುವ ಸಂಭವ ಹೆಚ್ಚಿತ್ತು. ನಂಬಿಕೆ ಬಲ ಕೊಡುವ ಹಾಗೆ ಕುಗ್ಗಿಸಲೂ ಬಲ್ಲದು. ನಾಗದೋಷ, ಕುಲದೇವರ ಸಿಟ್ಟು, ಪೂರ್ವಜನ್ಮದ ಕರ್ಮ ಎಂದು ಹಾಸಿಗೆಯಲ್ಲಿದ್ದವರ ಕಿವಿಯ ಹತ್ತಿರ ಮಾತಾಡುವ ನೆಂಟರಿಗೆ ನನ್ನ ಕೈಮುಗಿದ ವಿನಂತಿ: ಬಿಡಿ. ಶುಗರ್ ಬರುವುದು ಪಾಪದಿಂದಲ್ಲ. ನಿಮಗೇ ಹಾಗನಿಸುತ್ತಿದ್ದರೆ, ಮೃದುವಾಗಿ ಮಾತಾಡುವ ಹಿರಿಯರೊಬ್ಬರ ಮುಂದೆ, ಭಟ್ಟರಾಗಲಿ ಪಾದ್ರಿಯಾಗಲಿ ಮೌಲ್ವಿಯಾಗಲಿ, ಬಾಯಿಬಿಟ್ಟು ಹೇಳಿ. ನಿದ್ದೆ, ಊಟ ಎರಡು ವಾರಕ್ಕೂ ಹೆಚ್ಚು ಕೆಟ್ಟಿದ್ದರೆ ಡಾಕ್ಟರಿಗೂ ಹೇಳಿ.

ಗಂಡ ತೀರಿಕೊಂಡ ಮೇಲೆ ದೇವಸ್ಥಾನಕ್ಕೆ ಹೋಗಲು ಮನಸ್ಸಾಗುವುದಿಲ್ಲ. ಜನ ಏನೆನ್ನುತ್ತಾರೋ.

ಜೊತೆಗಾರರನ್ನು ಕಳೆದುಕೊಂಡವರಿಗೆ ಮೊದಲ ಕೆಲವು ತಿಂಗಳು ಬಹಳ ಅಪಾಯದವು ಎಂಬುದು ಅನೇಕ ದೇಶಗಳಲ್ಲಿ ಕಂಡ ಸತ್ಯ. ನಮ್ಮಲ್ಲಿ ಹನ್ನೆರಡನೇ ದಿನದವರೆಗೆ ಮನೆ ತುಂಬ ಜನ. ಹದಿಮೂರು, ಹದಿನಾಲ್ಕು ಆಗುವಷ್ಟರಲ್ಲಿ ಪಾತ್ರೆಗಳನ್ನು ಅಟ್ಟಕ್ಕೆ ಏರಿಸಿ, ಎಲ್ಲರೂ ಬಸ್ಸು ಹತ್ತಿರುತ್ತಾರೆ. ಆಮೇಲೆ ಅವಳಿಗೆ ಅರಿಶಿನ ಕುಂಕುಮಕ್ಕೆ ಕರೆಯಿಲ್ಲ, ಮದುವೆಯ ಚಪ್ಪರದಲ್ಲಿ ಮುಂದೆ ನಿಲ್ಲುವಂತಿಲ್ಲ. ಮನುಷ್ಯರು ಅತಿ ಹೆಚ್ಚು ಬೇಕಾದ ಹೊತ್ತಿನಲ್ಲಿ ಅವಳನ್ನು ಒಡನಾಟದಿಂದ ಹೊರಗಿಡುತ್ತೇವೆ. ಹೆಂಡತಿ ಸತ್ತ ಗಂಡಸರ ಪಾಡು ಬೇರೆ ರೀತಿಯದು. ಅವರನ್ನು ಯಾರೂ ಹೊರಗಿಡುವುದಿಲ್ಲ, ಅವರೇ ಜಗಲಿ ಇಳಿಯುವುದಿಲ್ಲ.

ನೀವು ಬನ್ನಿ. ಮೊದಲ ದಿನ ನಾನೋ ನನ್ನಂಥ ಇನ್ನೊಬ್ಬರೋ ಮನೆಗೇ ಬಂದು ಜೊತೆಗೆ ಕರೆದುಕೊಂಡು ಹೋಗುತ್ತೇವೆ. ನಮ್ಮ ಮಂಡಳಿಯಲ್ಲಿ ಈಗ ಹದಿಮೂರನೇ ದಿನದಿಂದ ಒಂದು ವರ್ಷದವರೆಗೆ ವಾರಕ್ಕೊಮ್ಮೆ ಆ ಮನೆಗೆ ಹೋಗುವ ಸರದಿ ಇದೆ. ಆರತಿ ತಟ್ಟೆ ಹಿಡಿಯುವವರಲ್ಲಿ ಇಬ್ಬರು ಗಂಡನನ್ನು ಕಳೆದುಕೊಂಡವರು. ಮೊದಲ ಸಲ ತಟ್ಟೆ ಕೊಟ್ಟಾಗ ಗೊಣಗಿದವರಿದ್ದರು. ಅರ್ಚಕರೇ, “ತಗೋ ಅಮ್ಮಾ” ಎಂದು ಕೈಗಿತ್ತರು.

ಎಲ್ಲರನ್ನೂ ಒಳಗೆ ಬಿಡದ ಕಡೆ ಯಾವ ಒಡನಾಟ?

ಈ ಪ್ರಶ್ನೆ ಕೇಳಿದ ಹುಡುಗನಿಗೆ ನಾನು ಕೂಡಲೇ ಉತ್ತರಿಸಲಾಗಲಿಲ್ಲ. ಜಾತಿ ನೋಡಿ ಬೇರೆ ಪಂಕ್ತಿಯಲ್ಲಿ ಕೂರಿಸುವ ಊಟದಿಂದ ಎದ್ದು ಬಂದವನು ಅವನು. ಮೇಲೆ ಬರೆದ ಲಾಭಗಳೆಲ್ಲ ಒಳಗಿನವರದ್ದು. ಹೊರಗೆ ನಿಂತವನಿಗೆ ಅದೇ ದೇವಸ್ಥಾನ ಒಂದು ಗಾಯ, ಅವಮಾನವೂ ದೇಹವನ್ನು ಸವೆಸುತ್ತದೆ. ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸುವುದು ಊರ ಆರೋಗ್ಯದ ಕೆಲಸ ಎಂದೇ ನಾನು ತಿಳಿದಿದ್ದೇನೆ.

ನನಗೆ ದೇವರಲ್ಲಿ ನಂಬಿಕೆಯಿಲ್ಲ. ನನಗೇನು ದಾರಿ?

ಅಲಮೇಡಾದ ಲೆಕ್ಕದಲ್ಲಿ ಚರ್ಚು ಒಂದು ನಂಟು ಮಾತ್ರ. ಗೆಳೆಯರು, ಸಂಘಗಳೂ ಅಲ್ಲೇ ಇದ್ದವು. ತಾಳಮದ್ದಲೆಗೆ ಹೋಗಿ, ಹಾಲಿನ ಡೇರಿ ಸಂಘದಲ್ಲಿ, ಸ್ವಸಹಾಯ ಸಂಘದಲ್ಲಿ, ಲೈಬ್ರರಿಯಲ್ಲಿ, ಕಾಡು ಉಳಿಸುವವರ ಜೊತೆ ಸೇರಿ. ದಿನ, ಹೊತ್ತು ಗೊತ್ತಾಗಿರಲಿ. ನೀವು ಬಾರದಿದ್ದರೆ ಗೊತ್ತಾಗುವಂಥ ಜಾಗವಿರಲಿ. ಆಯುಷ್ಯಕ್ಕಾಗಿ ಸುಳ್ಳು ಭಕ್ತಿ ಬೇಡ.

ನಾನು ಬೆಂಗಳೂರಿನಲ್ಲಿದ್ದೇನೆ. ಆಯಿ ಒಬ್ಬಳೇ ಊರ ಮನೆಯಲ್ಲಿದ್ದಾಳೆ. ನನ್ನ ಜೊತೆ ಬರಲು ಒಪ್ಪುವುದಿಲ್ಲ. ಏನು ಮಾಡಲಿ?

ಈಚೆಗೆ ಹೆಚ್ಚು ಫೋನು ಬರುವುದು ಇದಕ್ಕೇ. ಅವಳ ತೋಟ, ದನ, ದೇವಸ್ಥಾನ, ಗುರುತಿನವರು ಎಲ್ಲ ಇಲ್ಲಿದ್ದಾರೆ. ಹತ್ತನೇ ಮಹಡಿಯ ಮನೆಯಲ್ಲಿ ಅವಳಿಗೆ ಇನ್ನೂ ದೊಡ್ಡ ಒಂಟಿತನ ಕಾದಿರಬಹುದು. ಒಪ್ಪಿಸಲು ಜಗಳ ಮಾಡುವ ಮೊದಲು ಇಲ್ಲಿಯ ನಂಟನ್ನು ಗಟ್ಟಿ ಮಾಡಿ. ಪಕ್ಕದ ಎರಡು ಮನೆಯವರ, ಆಶಾ ಕಾರ್ಯಕರ್ತೆಯ, ಊರಿನ ರಿಕ್ಷಾದವರ ನಂಬರು ನಿಮ್ಮ ಹತ್ತಿರ ಇರಲಿ, ಅವರ ಹತ್ತಿರ ನಿಮ್ಮದಿರಲಿ. ಭಜನೆಗೆ ಹೋಗಿಬರುವ ರಿಕ್ಷಾದ ಬಾಡಿಗೆಯನ್ನು ತಿಂಗಳಿಗೊಮ್ಮೆ ನೀವೇ ಕಳಿಸಿ, ಆ ದುಡ್ಡನ್ನು ಕೇಳಲು ಅವಳು ನಾಚುತ್ತಾಳೆ. ಫೋನಿನಲ್ಲಿ ಊಟವಾಯಿತೇ ಎಂದಷ್ಟೇ ಕೇಳದೆ, ಶನಿವಾರ ಯಾರ್‍ಯಾರು ಬಂದಿದ್ದರು, ಯಾವ ಪದ ಹಾಡಿದಿರಿ ಎಂದು ಕೇಳಿ. ಎರಡು ವಾರ ಹೋಗಿಲ್ಲವೆಂದರೆ ಮಂಡಿ ನೋವೋ, ಕಣ್ಣು ಮಂಜೋ, ಮನಸ್ಸಿಗೆ ಬೇಸರವೋ ಏನೋ ಶುರುವಾಗಿದೆ ಎಂದು ತಿಳಿದು ಬನ್ನಿ. ಬಂದಾಗ ಹಳ್ಳ ದಾಟುವ ಕಾಲುಸಂಕದ ಹಳೆಯ ಅಡಿಕೆ ದಬ್ಬೆಗಳನ್ನು ತೆಗೆಸಿ ಹೊಸತು ಹಾಕಿಸಿ, ಒಂದು ಬದಿಗೆ ಕೈಹಿಡಿಕೆ ಕಟ್ಟಿಸಿ. ಮಳೆಗಾಲದ ರಾತ್ರಿ ಮಂಗಳಾರತಿ ಮುಗಿಸಿ ಅವಳು ಅದನ್ನು ದಾಟಿಯೇ ಮನೆಗೆ ಬರಬೇಕು.